ಹಿಂದಿನ ಸೀಟಿನ ಬೆಲ್

ನನ್ನ ತಂಗಿ ಲಾಡ್ಜೊಂದರಲ್ಲಿ ಇಸ್ತ್ರಿ ಮಾಡುವವಳು. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಮೇಜಿನ ಬಟ್ಟೆ ಎಲ್ಲ ಅವಳ ಕೈಯಿಂದಲೇ ಮೇಲಿನ ಕೋಣೆಗಳಿಗೆ ಹೋಗಬೇಕು. ಅವಳು ನಿಲ್ಲುವ ಜಾಗ ನೆಲಮಾಳಿಗೆಯಲ್ಲಿದೆ. ಕಿಟಕಿ ಇಲ್ಲ. ಎದುರಿಗೆ ಒಂದು ಗೋಡೆ, ಅದರ ಮೇಲೆ ಆವಿಯ ನೀರು ಇಳಿದ ಗೆರೆಗಳು. ಅವಳ ಗಂಡ ಬಸ್ ಓಡಿಸುತ್ತಿದ್ದ. ನಮ್ಮ ಬೀದಿಯಲ್ಲಿ ಅವನನ್ನು ಎಲ್ಲರೂ ಡ್ರೈವರ್ ಎಂದೇ ಕರೆಯುವುದು. ತಂಗಿಯೂ ಸಿಟ್ಟು ಬಂದಾಗ ನನ್ನ ಹತ್ತಿರ ‘ನಿಮ್ಮ ಡ್ರೈವರ್’ ಎನ್ನುತ್ತಾಳೆ, ನಾನೇ ಎಲ್ಲಿಂದಲೋ ಹಿಡಿದು ತಂದು ಅವಳಿಗೆ ಗಂಟು ಹಾಕಿದ ಹಾಗೆ. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಆದ್ದರಿಂದ ಇದರಲ್ಲಿ ಹೆಚ್ಚಿನದು ನಾನು ಕಣ್ಣಾರೆ ಕಂಡದ್ದು, ಉಳಿದದ್ದು ತಂಗಿಯ ಬಾಯಿಂದ ಕೇಳಿದ್ದು.

ನಮ್ಮಲ್ಲಿ ವರ್ಷಕ್ಕೊಮ್ಮೆ ದೊಡ್ಡ ಸೈಕಲ್ ಸವಾರಿ ನಡೆಯುತ್ತದೆ. ಪಂದ್ಯವಲ್ಲ, ಗೆದ್ದವರು ಸೋತವರು ಅಂತಿಲ್ಲ. ಬೆಳಕು ಹರಿಯುತ್ತಲೇ ಸಾವಿರಾರು ಜನ ಒಟ್ಟಿಗೆ ಹೊರಟು, ದೊಡ್ಡ ಕೆರೆಯನ್ನು ಸುತ್ತಿ, ಬಯಲು ದಾಟಿ, ಕೊನೆಗೆ ಗುಡ್ಡ ಹತ್ತಿ ಮೇಲಿನ ಮೈದಾನದಲ್ಲಿ ಕಟ್ಟಿದ ಕಮಾನನ್ನು ಹಾದು ಹೋಗಬೇಕು. ಎಲ್ಲರ ಹಿಂದೆ ಒಂದು ವ್ಯಾನ್ ಮೆಲ್ಲಗೆ ಬರುತ್ತದೆ. ಕೈಲಾಗದವರನ್ನು, ಅವರ ಸೈಕಲ್ ಸಮೇತ, ಅದು ಎತ್ತಿಕೊಳ್ಳುತ್ತದೆ. ಜನ ಅದಕ್ಕೆ ಪೊರಕೆ ಗಾಡಿ ಎನ್ನುತ್ತಾರೆ. ಪೊರಕೆ ಗಾಡಿ ನಿಮ್ಮನ್ನು ದಾಟಿತೆಂದರೆ ನಿಮ್ಮ ಸವಾರಿ ಮುಗಿಯಿತು.

ಡ್ರೈವರಿಗೆ ಈ ಸವಾರಿಯ ಹುಚ್ಚು. ಮದುವೆಯಾದ ಹೊಸದರಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ಎರಡು ಹಳೆಯ ಸೈಕಲ್‌ಗಳನ್ನು ಕತ್ತರಿಸಿ, ಬೆಸುಗೆ ಹಾಕಿ, ಇಬ್ಬರು ತುಳಿಯುವ ಒಂದು ಉದ್ದ ಸೈಕಲ್ ಮಾಡಿಕೊಟ್ಟ. ಮುಂದೆ ಗಂಡ, ಹಿಂದೆ ಹೆಂಡತಿ. ಮುಂದಿನವನ ಕೈಯಲ್ಲಿ ಹ್ಯಾಂಡಲ್, ಬ್ರೇಕ್, ಗೇರ್ ಎಲ್ಲ ಇವೆ. ಹಿಂದಿನವಳ ಹ್ಯಾಂಡಲ್ ತಿರುಗುವುದಿಲ್ಲ, ಹಿಡಿದುಕೊಳ್ಳಲಿಕ್ಕೆ ಮಾತ್ರ. ಇಬ್ಬರ ಪೆಡಲ್‌ಗಳನ್ನೂ ಒಂದು ಚೈನು ಜೋಡಿಸಿರುವುದರಿಂದ ಮುಂದಿನವನ ಕಾಲು ತಿರುಗಿದರೆ ಹಿಂದಿನವಳ ಕಾಲೂ ತಿರುಗಲೇಬೇಕು. ನಿಲ್ಲಿಸುತ್ತೇನೆಂದರೆ ಪೆಡಲ್ ಮೀನಖಂಡಕ್ಕೆ ಬಡಿಯುತ್ತದೆ.

ಅವಳಿಗೆ ಅಂತ ಡ್ರೈವರ್ ಒಂದೇ ಒಂದು ವಸ್ತು ಕೊಟ್ಟಿದ್ದ. ಹಿಂದಿನ ಹ್ಯಾಂಡಲ್‌ಗೆ ಒಂದು ಬೆಲ್. “ನೀನು ಕಂಡಕ್ಟರ್ ಇದ್ದ ಹಾಗೆ. ಒಂದು ಸಲ ಹೊಡೆದರೆ ನಿಲ್ಲಿಸು, ಎರಡು ಸಲ ಹೊಡೆದರೆ ಹೊರಡು ಅಂತ,” ಎಂದಿದ್ದ. ಮೊದಲನೆಯ ವರ್ಷ ಕೆರೆಯ ಏರಿಯ ಮೇಲೆ ಅವಳಿಗೆ ಸೊಂಟ ಹಿಡಿದು ಒಂದು ಸಲ ಬೆಲ್ ಹೊಡೆದಳು. ಅವನು ತಿರುಗಿಯೂ ನೋಡದೆ, “ಇಲ್ಲಿ ಸ್ಟಾಪ್ ಇಲ್ಲ,” ಎಂದ. ಸುತ್ತಲಿನ ಸವಾರರು ನಕ್ಕರು. ಅವಳೂ ನಕ್ಕಳಂತೆ. ಆಮೇಲೆ ಪ್ರತಿ ವರ್ಷವೂ ಅದೇ ಮಾತು. ಅವಳು ನಗುವುದನ್ನು ಬಿಟ್ಟ ಮೇಲೂ ಅವನು ಹೇಳುವುದನ್ನು ಬಿಡಲಿಲ್ಲ.

ಅವಳು ನೋಡಿದ್ದು ಅವನ ಬೆನ್ನನ್ನು. ಅಂಗಿಯ ಮೇಲೆ ಬೆವರು ಮೊದಲು ಹೆಗಲ ಮೂಳೆಯ ಹತ್ತಿರ ಮೂಡುತ್ತದೆ, ಆಮೇಲೆ ನಡುವಿಗೆ ಇಳಿಯುತ್ತದೆ. ಪಕ್ಕಕ್ಕೆ ತಿರುಗಿ ಕೆರೆ ನೋಡಿದರೆ, “ವಾಲಬೇಡ, ಗಾಡಿ ಎಳೀತದೆ,” ಎಂದು ಗದರಿಕೆ. ಒಮ್ಮೆ ನಾನು, “ಬೇಡ ಅಂತ ಹೇಳಿಬಿಡೇ,” ಎಂದೆ.

“ಹೇಳಿದೆನಲ್ಲಕ್ಕಾ. ಒಂದು ವಾರ ಅನ್ನ ಬಿಟ್ಟ ಮಗುವಿನ ಹಾಗೆ ಓಡಾಡ್ತಾರೆ. ಅದನ್ನ ನೋಡೋದಕ್ಕಿಂತ ತುಳಿಯೋದೇ ವಾಸಿ.”

ತುಳಿಯುವುದಕ್ಕೂ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಪೆಡಲ್ ಹೇಗೂ ತಾನೇ ತಿರುಗುತ್ತದೆ. ಅದರ ಮೇಲೆ ಪಾದ ಇಟ್ಟು ಸುಮ್ಮನಿದ್ದರೆ ಕಾಲು ಆಡುತ್ತಿರುತ್ತದೆ, ಬಲ ಬೀಳುವುದಿಲ್ಲ. ಏರಿನಲ್ಲಿ ಅವನು ಏದುಸಿರು ಬಿಡುತ್ತಾ, “ತುಳೀತಾ ಇದೀಯೇನೇ?” ಎಂದು ಕೇಳುತ್ತಿದ್ದ. “ತುಳೀತಾನೇ ಇದೀನ್ರೀ,” ಎನ್ನುತ್ತಿದ್ದಳು. ಹೆಂಡತಿಯ ಬಲವೇ ಅಷ್ಟು ಎಂದು ಅವನು ತಿಳಿದಿದ್ದ.

ಹೀಗಿರುವಾಗ ಡ್ರೈವರಿಗೆ ಕಣ್ಣು ಹೋಯಿತು. ಒಂದೇ ದಿನ ಹೋದದ್ದಲ್ಲ. ಮೊದಲು ಬದಿಯಲ್ಲಿದ್ದದ್ದು ಕಾಣದಾಯಿತು. ಬಸ್ಸಿನಿಂದ ಇಳಿಸಿ ಡಿಪೋದ ಕಚೇರಿಯಲ್ಲಿ ಕೂರಿಸಿದರು. ಆಮೇಲೆ ಎದುರಿನದೂ ಮಸುಕಾಗಿ, ಒಂದು ಬೆಳಗ್ಗೆ ಲೋಟ ಎಂದು ಹೂಜಿಗೆ ಕೈಹಾಕಿದ. ಕಣ್ಣಿನ ನರ ಒಣಗಿದೆ, ಇನ್ನು ಬರುವುದಿಲ್ಲ ಎಂದರು ಡಾಕ್ಟರು.

ಆ ದಿನ ತಂಗಿ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. “ಅಕ್ಕಾ, ನನ್ನ ನಾಲಗೆ ಬಿದ್ದುಹೋಗಲಿ. ಡಾಕ್ಟ್ರು ಹೇಳ್ತಿದ್ದ ಹಾಗೇ ನನಗೆ ಮೊದಲು ಬಂದ ಯೋಚನೆ, ಸದ್ಯ ಸೈಕಲ್ ನಿಂತಿತಲ್ಲ ಅಂತ,” ಎಂದಳು. ಆಮೇಲೆ ಅತ್ತಳು.

ಸೈಕಲ್ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಅದು ಇರುವುದು ನಡುವಿನ ಓಣಿಯಲ್ಲಿ. ಅಷ್ಟು ಉದ್ದದ್ದನ್ನು ಬೇರೆಲ್ಲಿಯೂ ತಿರುಗಿಸಲಾಗುವುದಿಲ್ಲ. ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಗೋಡೆಗೆ ಬೆನ್ನು ತಾಗಿಸಿ ಅಡ್ಡಡ್ಡ ನಡೆಯಬೇಕು. ಡ್ರೈವರ್ ಅದರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಸೀಟಿನ ಮೇಲೆ ಕೈಯಿಟ್ಟು ಕೂರಲು ಶುರು ಮಾಡಿದ. ಸವಾರಿಯ ದಿನ ಹತ್ತಿರ ಬಂದಾಗ ಬಾಯಿ ಬಿಟ್ಟ.

“ಕಣ್ಣು ಬೇಕಾದದ್ದು ಮುಂದೆ ಕೂತವರಿಗೆ. ಹಿಂದೆ ಕೂತವರಿಗೆ ಯಾಕೆ? ನೀನು ಇಷ್ಟು ವರ್ಷ ಏನು ನೋಡಿದೆ ಹೇಳು?”

“ನಿಮ್ಮ ಬೆನ್ನು.”

“ಮತ್ತೆ? ಇನ್ನು ನಾನು ನಿನ್ನ ಬೆನ್ನು ನೋಡ್ತೀನಿ ಅಂದ್ಕೋ.”

“ನನ್ನ ಕೈಲಾಗಲ್ಲ ರೀ. ನನಗೆ ಬ್ರೇಕ್ ಯಾವುದು ಅಂತ ಗೊತ್ತಿಲ್ಲ.”

“ನಾನು ಹೇಳಿಕೊಡ್ತೀನಲ್ಲ. ಡಿಪೋದಲ್ಲಿ ಎಂತೆಂಥಾ ದಡ್ಡರಿಗೆ ಹೇಳಿಕೊಟ್ಟಿದೀನಿ.”

ಅವಳು ಒಪ್ಪಲಿಲ್ಲ. ಅವನು ಮಾತು ಬಿಟ್ಟ. ಕಣ್ಣಿದ್ದಾಗಲಾದರೂ ಮಾತು ಬಿಟ್ಟರೆ ಹೊರಗೆ ಹೋಗಿಬಿಡುತ್ತಿದ್ದ, ಈಗ ಓಣಿಯಲ್ಲೇ ಇದ್ದ. ಅಡುಗೆಮನೆಗೆ ಹೋಗುವಾಗ, ಬರುವಾಗ, ಅವನ ಮೊಣಕಾಲು ಸವರಿಕೊಂಡೇ ಹೋಗಬೇಕು. ಕೊನೆಗೆ ಅವಳೇ ಓಣಿಯ ನಡುವೆ ನಿಂತು ಹೇಳಿದಳು, “ಒಂದೇ ಒಂದು ಸಲ. ಈ ಸಲ ಕಮಾನು ದಾಟಿದೆವೋ, ಮುಂದೆ ಯಾವತ್ತೂ ನನ್ನನ್ನ ಕೇಳಬಾರದು.”

“ದಾಟದಿದ್ದರೆ?”

ಅವನೇ ಹೇಳಿದ, “ದಾಟದಿದ್ದರೆ ಮುಂದಿನ ವರ್ಷ ಮತ್ತೆ. ದಾಟೋವರೆಗೂ. ಅತ್ತಿಗೆ ಸಾಕ್ಷಿ.”

ಹೀಗೆ ಆ ಸೈಕಲ್‌ನಿಂದ ಇಳಿಯಬೇಕಾದರೆ ಅವಳು ಅದನ್ನು ಗುಡ್ಡ ಹತ್ತಿಸಲೇಬೇಕಾಯಿತು.

ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ಕಲಿತಳು. ಮೊದಲು ಎರಡು ಸಲ ಬಿದ್ದರು. ಬಿದ್ದಾಗ ಅವನು, “ಪ್ಯಾಸೆಂಜರ್‌ಗಳ ಗತಿ ಏನಮ್ಮಾ!” ಎಂದು ಅಂಗಿ ಕೊಡವಿಕೊಂಡು ಎದ್ದ. ಆದರೆ ಹಿಂದೆ ಕೂತು ಅವನು ತುಳಿದಾಗ ಸೈಕಲ್ ಹಾರುತ್ತಿತ್ತು. ಅವಳು ಮುಂದೆ ಕೂತು ಕಾಲು ಇಟ್ಟುಕೊಂಡಿದ್ದರೆ ಸಾಕು, ಪೆಡಲ್ ತಾನೇ ಅವಳ ಪಾದವನ್ನು ಎತ್ತಿ ಇಳಿಸುತ್ತಿತ್ತು. “ದಾಟ್ತೀವಕ್ಕಾ, ಖಂಡಿತ ದಾಟ್ತೀವಿ,” ಎಂದು ಮನೆಗೆ ಬಂದು ಹೇಳಿದಳು. ಅವಳ ಮುಖ ಅಷ್ಟು ಬಿಚ್ಚಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಸವಾರಿಯ ದಿನ ನಾನು ಗುಡ್ಡದ ಬುಡದ ಕೊನೆಯ ತಂಗುದಾಣದಲ್ಲಿ ಕಿತ್ತಳೆ ಬಿಡಿಸಿ ಕೊಡುವ ಕೆಲಸಕ್ಕೆ ಹೆಸರು ಕೊಟ್ಟಿದ್ದೆ. ಬೆಳಗ್ಗೆ ಹೊರಟದ್ದನ್ನು ತಂಗಿ ಹೇಳಿದ್ದು ಹೀಗೆ. ಮುಂದೆ ಜನ, ಹಿಂದೆ ಜನ, ಎರಡೂ ಪಕ್ಕ ಹಗ್ಗ ಕಟ್ಟಿದ್ದರು. ವಾಪಸು ಹೋಗೋಣವೆನಿಸಿದರೂ ತಿರುಗುವಷ್ಟು ಜಾಗವಿರಲಿಲ್ಲ. ಕೆರೆಯ ಏರಿಯ ಮೇಲೆ ಗಾಳಿ ಬಂತು, ನೀರು ಫಳಫಳ ಎಂದಿತು. ಹಿಂದೆ ಕೂತಿದ್ದಾಗ ನೋಡಲು ಅವನು ಬಿಡುತ್ತಿರಲಿಲ್ಲ, ಈಗ ಮುಂದಿನ ಚಕ್ರ ಬಿಡಲಿಲ್ಲ. ಕಿವಿಯ ಹಿಂದೆಯೇ ಅವನ ಬಾಯಿ. “ಬ್ರೇಕ್. ಗೇರ್ ಇಳಿಸು. ಎಡಕ್ಕೆ ಗುಂಡಿ ಇದೆ ನೋಡು.” ಗುಂಡಿಯನ್ನು ಎಂದೋ ಮುಚ್ಚಿದ್ದರು. ಆದರೂ ಅವಳು ಬಲಕ್ಕೆ ಎಳೆದಳು.

ಬಯಲಿಗೆ ಬಂದ ಮೇಲೆ ಸೈಕಲ್ ಭಾರವಾಯಿತು. ಮೊದಲು ಎದುರು ಗಾಳಿ ಎಂದುಕೊಂಡಳು, ಆಮೇಲೆ ಟೈರ್ ಇಳಿದಿದೆ ಎಂದುಕೊಂಡಳು. ಹಿಂದಿದ್ದವರೆಲ್ಲ ದಾಟಿ ಹೋದರು. ದಪ್ಪ ಮನುಷ್ಯನೊಬ್ಬ ಬಾಳೆಹಣ್ಣು ತಿನ್ನುತ್ತಾ ದಾಟಿ ಹೋದ.

“ತುಳೀತಾ ಇದೀರೇನ್ರೀ?”

“ತುಳೀತಾನೇ ಇದೀನಿ ಕಣೇ.”

ಆ ದನಿ ಅವಳಿಗೆ ಗುರುತಿತ್ತು. ಅದು ಅವಳದೇ ದನಿ. ಒಂದು ಕ್ಷಣ ತನ್ನ ಕಾಲಿನ ಬಲ ಬಿಟ್ಟು ನೋಡಿದಳು. ಹಿಂದಿನವನು ತುಳಿಯುತ್ತಿದ್ದರೆ ಪೆಡಲ್ ಅವಳ ಪಾದವನ್ನು ಎತ್ತಬೇಕಿತ್ತು. ಎತ್ತಲಿಲ್ಲ. ಸೈಕಲ್ ನಿಧಾನವಾಗಿ ನಿಲ್ಲುವಂತಾಯಿತು.

ಅವರು ನನ್ನ ಮೇಜಿನ ಮುಂದೆ ಬಂದು ನಿಂತಾಗ ಬೇರೆ ಸವಾರರು ಯಾರೂ ಉಳಿದಿರಲಿಲ್ಲ. ಮೇಜುಗಳನ್ನು ಮಡಿಸುತ್ತಿದ್ದರು. ಪೊರಕೆ ಗಾಡಿ ಹತ್ತು ಮಾರು ಹಿಂದೆ ನಿಂತಿತ್ತು. ತಂಗಿಯ ಮುಖ ಬೆಂದ ಹಾಗಿತ್ತು. ಡ್ರೈವರನ ಅಂಗಿ ಒಣಗಿತ್ತು. ಅದನ್ನು ಅವಳೂ ಆಗಲೇ ನೋಡಿದ್ದು. ಬೆವರು ಎಲ್ಲಿ ಮೂಡುತ್ತದೆಂದು ಅವಳಿಗೆ ಗೊತ್ತಿತ್ತಲ್ಲ, ಅಲ್ಲಿ ಕೈಯಿಟ್ಟಳು.

“ನೀವು ಬಯಲಿನಿಂದ ತುಳಿದಿಲ್ಲ.”

“ಯಾರು ಹೇಳಿದ್ದು?”

“ಯಾರೂ ಹೇಳಬೇಕಾಗಿಲ್ಲ. ಹಿಂದೆ ಕೂತು ಅದೇ ಕೆಲಸ ನಾನು ವರ್ಷಗಟ್ಟಲೆ ಮಾಡಿದೀನಿ.”

ಡ್ರೈವರ್ ಮುಖವನ್ನು ಅವಳ ದನಿಯ ಕಡೆಗೆ ತಿರುಗಿಸಿದ. ನಾನು ಕೊಟ್ಟ ಕಿತ್ತಳೆ ತೊಳೆ ಅವನ ಬೆರಳಲ್ಲೇ ಇತ್ತು. “ಏರಿನಲ್ಲೂನಾ?” ಎಂದ.

“ಏರಿನಲ್ಲೇ.”

“ಅಷ್ಟು ವರ್ಷ ನಿನ್ನನ್ನ ನಾನೊಬ್ಬನೇ ಎಳೆದೆನಾ?”

“ಹೂಂ. ಇವತ್ತು ನಾನು ಎಳೀತೀನಿ. ಹತ್ತಿ.”

“ಲೇ, ನನ್ನ ತೂಕ...”

“ಇಲ್ಲಿ ನಿಲ್ಲಿಸಿದರೆ ಮುಂದಿನ ವರ್ಷ ಮತ್ತೆ, ಅದೇ ಅಲ್ವಾ ನಿಮ್ಮ ಲೆಕ್ಕ? ಹತ್ತಿ ಅಂದೆ.”

ವ್ಯಾನ್ ಡ್ರೈವರ್ ತಲೆ ಹೊರಗೆ ಹಾಕಿ, “ಅಮ್ಮಾ, ಒಳಗೆ ಬಂದುಬಿಡಿ, ಸೀಟು ಖಾಲಿ ಇದೆ,” ಎಂದ. ತಂಗಿ ಅವನ ಕಡೆ ನೋಡಲಿಲ್ಲ. ಸೀಟಿಗೆ ಹತ್ತಿ ಕೂತದ್ದು ನಾನು. ಖಾಲಿ ಬುಟ್ಟಿಗಳೊಂದಿಗೆ ನನ್ನನ್ನು ಮೇಲೆ ಬಿಡುತ್ತೇನೆಂದು ಅವನು ಮೊದಲೇ ಹೇಳಿದ್ದ. ಹಾಗಾಗಿ ಆ ಗುಡ್ಡವನ್ನು ನಾನು ಗಾಜಿನ ಹಿಂದೆ ಕೂತು, ಅವರ ಬೆನ್ನ ಹಿಂದೆಯೇ, ಇರುವೆಯ ಹಾಗೆ ಹತ್ತಿದೆ.

ಎದುರಿಗೆ ಡ್ರೈವರನ ಕಾಲುಗಳು ಚೆನ್ನಾಗಿ ಕಾಣುತ್ತಿದ್ದವು. ಪೆಡಲ್ ತಿರುಗಿದ ಹಾಗೆ ತಿರುಗುತ್ತಿದ್ದವು, ಆದರೆ ಮೀನಖಂಡ ಒದ್ದೆ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ತಂಗಿ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಳು. ಸೈಕಲ್ ಆ ಕಡೆ ಈ ಕಡೆ ಹಾವಿನ ಹಾಗೆ ಹರಿಯಿತು. ಮೊದಲ ತಿರುವು ಕಳೆಯಿತು. ಆಗ ಬೆಲ್ ಕೇಳಿಸಿತು. ಒಂದೇ ಸಲ.

“ಯಾರೂ ಅಡ್ಡ ಇಲ್ಲ, ಇವರು ಯಾರಿಗೆ ಬೆಲ್ ಹೊಡೀತಾರೆ?” ಎಂದ ವ್ಯಾನ್ ಡ್ರೈವರ್.

“ಅದು ಅವರ ಮನೆ ಮಾತು,” ಎಂದೆ.

ಅವಳ ಉತ್ತರ ತೆರೆದ ಕಿಟಕಿಯಿಂದ ನನಗೂ ಕೇಳಿಸಿತು. ಉಸಿರಿಲ್ಲದೆ ತುಂಡುತುಂಡಾಗಿ ಬಂತು. “ಇಲ್ಲಿ. ಸ್ಟಾಪ್. ಇಲ್ಲ.”

ಡ್ರೈವರ್ ತಲೆ ತಗ್ಗಿಸಿದ. ಅವನ ಹೆಗಲು ಕುಲುಕಿತು. ನಕ್ಕನೋ ಅತ್ತನೋ ಹಿಂದಿನಿಂದ ಹೇಗೆ ಹೇಳಲಿ? ಎರಡನೆಯ ತಿರುವಿನಲ್ಲಿ ಸೈಕಲ್ ನಿಂತೇ ಹೋಗುವಷ್ಟು ಮೆಲ್ಲಗಾಯಿತು. ವ್ಯಾನಿನವನು ಬದಿಗೆ ಎಳೆದು ದಾಟಲು ನೋಡಿದ. ನಾನು ಅವನ ತೋಳು ಹಿಡಿದೆ, “ಸ್ವಲ್ಪ ತಡಿಯಪ್ಪಾ.”

ಆಗ ಆ ಮೀನಖಂಡ ಗಂಟು ಕಟ್ಟಿತು. ಮೊದಲು ಬಲಗಾಲಿನದು, ಆಮೇಲೆ ಎಡಗಾಲಿನದು. ಅಂಗಿಯ ಮೇಲೆ ಹೆಗಲ ಮೂಳೆಯ ಹತ್ತಿರ ಕಪ್ಪಗೆ ಬೆವರು ಮೂಡಿತು. ಬೆಲ್ ಎರಡು ಸಲ ಹೊಡೆಯಿತು, ಮತ್ತೆ ಎರಡು ಸಲ. ಕಮಾನಿನ ಒಂದು ಕಡೆಯ ಬಟ್ಟೆ ಆಗಲೇ ಬಿಚ್ಚಿದ್ದರು. ಅದರ ಕೆಳಗೆ ಅವರು ನುಗ್ಗಿ ಹೋದರು, ನಾವು ಹಿಂದೆ.

ಇಳಿದ ಮೇಲೆ ಡ್ರೈವರ್ ಹೇಳಿದ್ದು ಇಷ್ಟೇ. “ದಾಟಿದೆವು. ಇನ್ನು ಕೇಳಲ್ಲ.”

ಕೇಳಲಿಲ್ಲ. ಮಾತು ಕೊಟ್ಟರೆ ಅದರಂತೆ ನಡೆಯುವ ಮನುಷ್ಯ. ವರ್ಷ ತಿರುಗಿತು, ಸವಾರಿಯ ಹೆಸರು ಬರೆಸುವ ಕಾಲ ಬಂತು, ತುಟಿಪಿಟಕ್ ಎನ್ನಲಿಲ್ಲ. ಆದರೆ ಭಾನುವಾರ ಭಾನುವಾರ ಪಂಪು ಹುಡುಕಿಕೊಂಡು ಎರಡೂ ಚಕ್ರಕ್ಕೆ ಗಾಳಿ ಹಾಕುತ್ತಾನೆ, ಬೆರಳಲ್ಲಿ ಒತ್ತಿ ನೋಡುತ್ತಾನೆ. ಕುರ್ಚಿಯಲ್ಲಿ ಕೂತಾಗ ಅವನ ಪಾದಗಳು ಕೆಳಗೆ ಒಂದರ ಹಿಂದೊಂದು ತಿರುಗುತ್ತಿರುತ್ತವೆ. ತನಗೆ ಗೊತ್ತೇ ಇಲ್ಲವೆನ್ನುತ್ತಾನೆ.

“ಕೇಳಿದ್ದರೆ ಆಗಲ್ಲ ಅನ್ನಬಹುದಿತ್ತಕ್ಕಾ,” ಎಂದಳು ತಂಗಿ. “ಕೇಳದೇ ಇರೋರಿಗೆ ಏನಂತ ಹೇಳ್ಲಿ?”

ಈ ವರ್ಷದ ಸವಾರಿಯ ಬೆಳಗ್ಗೆ ಸವಾರರ ಬೆಲ್‌ಗಳ ಸದ್ದು ಕೆಳಗಿನ ಬೀದಿಯಿಂದ ಬಹಳ ಹೊತ್ತು ಬರುತ್ತಲೇ ಇತ್ತು. ತಂಗಿ ಕೆಲಸಕ್ಕೆ ಹೊರಟಿದ್ದಳು. ಗೋಡೆಗೆ ಬೆನ್ನು ತಾಗಿಸಿ ಓಣಿಯಲ್ಲಿ ಅಡ್ಡಡ್ಡ ಬರುವಾಗ ಅವಳ ಕೈಚೀಲ ಹಿಂದಿನ ಹ್ಯಾಂಡಲ್‌ಗೆ ತಗುಲಿ ಬೆಲ್ ಒಂದು ಸಲ ಹೊಡೆಯಿತು. ಡ್ರೈವರನ ಪಾದಗಳು ನಿಂತವು. ಅವನು ಮುಖವೆತ್ತಿ, ಕಿವಿಗೊಟ್ಟು, ಕಾದ. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ತಂಗಿ ಗೋಡೆಗೂ ಸೈಕಲ್‌ಗೂ ನಡುವೆ ಹಾಗೇ ನಿಂತಳು. ಸದ್ದು ಅಡಗಲಿ ಎಂದು ಬೆಲ್ ಮೇಲೆ ಕೈಯಿಟ್ಟಳು. ಎರಡನೆಯ ಸಲ ಹೊಡೆಯಲಿಲ್ಲ. ಕೈಯನ್ನೂ ತೆಗೆಯಲಿಲ್ಲ.