ಕಡವಿನಲ್ಲಿ ತಲೆ ಎಣಿಸಿದ ದಿನ

ಮೊನ್ನೆ ಆಚಾರಿ ಅಟ್ಟದ ಹಲಗೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸಾರು ತಿರುವುತ್ತಿದ್ದ ನನ್ನ ಕೈ ನಿಂತಿತು... ಇದೇ ಎಣ್ಣೆ ಬಳಿದ ನಮ್ಮ ದೋಣಿಯ ವಾಸನೆ! ಅದರ ಹಿಂದೆಯೇ ಬಿದಿರಿನ ಗಳ ಹಿಡಿದ ಅಜ್ಜನೂ ನೆನಪಿಗೆ ಬಂದರು.

ಅರುವತ್ತರ ದಶಕ. ಕಡಬದ ಹತ್ತಿರ ಕುಮಾರಧಾರೆ ಹೊಳೆಯ ಆಚೆ ನಮ್ಮ ಮನೆ, ಈಚೆ ಶಾಲೆ. ನಡುವೆ ಕಡವು, ಅಲ್ಲಿ ದೋಣಿ ದಾಟಿಸುವ ಈ ಅಜ್ಜ. ಸಂಬಂಧಿಕರಲ್ಲ, ಊರಿಗೆಲ್ಲ ಅಜ್ಜ. ದೋಣಿ ನಡೆಸಲು ಸರಕಾರದ ಹಣ ಬರುತ್ತಿತ್ತು. ಆ ವರ್ಷ ಹೊಸ ಕ್ರಮವಂತೆ: ದಾಟುವ ಜನರನ್ನು ಎಣಿಸಿ ಕಡವುಗಳಿಗೆ ಹಣ ಹಂಚುವುದು, ಜನ ತೀರ ಕಡಿಮೆಯಾದರೆ ದೋಣಿ ಬಂದ್. ದೋಣಿ ನಿಂತರೆ ನನ್ನ ಶಾಲೆಯೂ ನಿಂತ ಹಾಗೆ.

ಬೇಸಗೆಯ ಒಂದು ಶನಿವಾರ ಎಣಿಸುವ ಸಾಹೇಬರು ಬಂದು ದೋಣಿಯೊಳಗೇ ಕುರ್ಚಿ ಹಾಕಿಸಿ ಕೂತರು. ನಮ್ಮವರ ಮರ್ಯಾದೆ ನೋಡಬೇಕು! ಸಾಹೇಬರ ಪಕ್ಕ ಕೂರುದುಂಟಾ? ಒಬ್ಬೊಬ್ಬರೂ ಅವರಿಗೆ ಕೈಮುಗಿದು, ಮುಂಡು ಎತ್ತಿ ಕಟ್ಟಿ, ತೊಡೆಮಟ್ಟದ ನೀರಿನಲ್ಲಿ ನಡೆದೇ ದಾಟಿದರು. ಅರ್ಧ ದಿನದ ಶಾಲೆ ಮುಗಿಸಿ ನಾನು ಬಂದಾಗಲೂ ಪುಸ್ತಕದಲ್ಲಿದ್ದದ್ದು ಬೆಳಿಗ್ಗೆ ದಾಟಿದ ನನ್ನ ತಲೆ ಒಂದೇ!

"ಜನರೇ ಇಲ್ಲವಲ್ಲ ಅಜ್ಜ?" ಎಂದರು ಸಾಹೇಬರು.

"ನೀವೊಮ್ಮೆ ಇಳಿಯಿರಿ ಸಾಹೇಬ್ರೆ. ನೀವು ಕೂತದ್ದಕ್ಕೇ ಯಾರೂ ಹತ್ತುದಿಲ್ಲ." ಸಾಹೇಬರು ಇಳಿದದ್ದೇ ಅಜ್ಜ ದಡದತ್ತ ತಿರುಗಿ ಕೂಗಿದರು, "ಬನ್ನಿ ಮಾರಾಯ್ರೆ, ಈಗ ಜಾಗ ಉಂಟು!"

ಆಮೇಲೆ ಎಂಥ ಗೌಜಿ! ಸೊಪ್ಪಿನ ಕಟ್ಟು, ಕೋಳಿ, ಕಂಕುಳಲ್ಲಿ ಮಕ್ಕಳು... ಒಬ್ಬ ಲೆಕ್ಕ ಏರಿಸಲೆಂದೇ ಮತ್ತೆ ಮತ್ತೆ ಹತ್ತಿದ. ಅಜ್ಜ ಅವನ ರಟ್ಟೆ ಹಿಡಿದರು. "ನಿಂಗೆ ಎಂತ, ಮೂರು ತಲೆ ಉಂಟಾ? ಇಳಿ!"

ಆದರೂ ಲೆಕ್ಕ, ಸಾಹೇಬರು ಮೊದಲೇ ಎಣಿಸಿ ಬಂದಿದ್ದ ಪೇಟೆಯ ಕಡವಿನ ಅರ್ಧದಷ್ಟೂ ಆಗಲಿಲ್ಲ. ಅಜ್ಜ ನನ್ನನ್ನು ಮುಂದಕ್ಕೆ ತಂದು ನಿಲ್ಲಿಸಿದರು. "ತಲೆ ಮಾತ್ರ ಎಣಿಸಿದರೆ ಸಾಕಾ ಸಾಹೇಬ್ರೆ? ಪೇಟೆಯವರಿಗೆ ದೋಣಿ ಇಲ್ಲದಿದ್ದರೆ ಅರ್ಧ ಮೈಲಲ್ಲಿ ಸೇತುವೆ ಉಂಟು. ಮಳೆಗಾಲದಲ್ಲಿ ಈ ಮಗು ಸುತ್ತಿ ಹೋಗುದಾದ್ರೆ ಏಳು ಮೈಲು. ಅದನ್ನೂ ಬರೆಯಿರಿ."

ಸಾಹೇಬರು ನನ್ನ ಬರಿಗಾಲು ನೋಡಿದರು. ಬರೆದರು.

ಎರಡು ತಿಂಗಳಲ್ಲಿ ಕಾಗದ ಬಂತು: ಅರ್ಧ ಹಣ ತಲೆಯ ಲೆಕ್ಕಕ್ಕೆ, ಇನ್ನರ್ಧ ಸುತ್ತುದಾರಿಯ ಮೈಲಿಗೆ. ದೋಣಿ ಉಳಿಯಿತು! ಹತ್ತನೆಯವರೆಗೂ ಅದರಲ್ಲೇ ಹೋದೆ.

ಟೀಚರ್ ಕೆಲಸದ ಆರ್ಡರು ಸಿಕ್ಕಿದಾಗ ಅಜ್ಜನಿಗೆ ತೋರಿಸಲು ಅವರ ಮನೆಗೆ ಓಡಿದ್ದೆ. ಅಜ್ಜ ತೀರಿಕೊಂಡು ತಿಂಗಳಾಗಿತ್ತು... ಅವರ ಹೆಂಡತಿ ಬೆಲ್ಲ, ನೀರು ತಂದಿಟ್ಟು, "ಜೋರಾಗಿ ಓದು ಮಗಾ, ಪೂರಾ ಓದು" ಎಂದರು. ಓದಿದೆ.

ಈಗ ಅಲ್ಲೂ ಸೇತುವೆ ಆಗಿದೆ. ಬಸ್ಸಿನ ಕಿಟಕಿಯಿಂದ ಕಡವು ಎಲ್ಲಿತ್ತೆಂದು ಹುಡುಕುವಷ್ಟರಲ್ಲಿ ಹೊಳೆಯೇ ಮುಗಿದುಹೋಗುತ್ತದೆ.