ಗಾಜು ಒರೆಸುವ ಉಮ್ಮೆ ಕುಲ್ಸುಂ ರಜೆ ಹಾಕಿದ ದಿನ

ಹಲಸೂರು ಕೆರೆಯ ಮೇಲೆ ಈಗಷ್ಟೇ ಬೆಳಕು ಹರಿಯುತ್ತಿದೆ. ಹತ್ತಿರದ ಹಳೆಯ ಬಂಗಲೆಯಲ್ಲಿರುವ ಪುಟ್ಟ ಮ್ಯೂಸಿಯಂನೊಳಗೆ ಉಮ್ಮೆ ಕುಲ್ಸುಂ ಗಾಜು ಒರೆಸುತ್ತಿದ್ದಾರೆ. ಮೊದಲು ಒದ್ದೆ ಬಟ್ಟೆ, ಆಮೇಲೆ ಹಳೆಯ ಪೇಪರ್. ಕೊನೆಗೆ ಹಾ ಎಂದು ಉಸಿರು ಬಿಟ್ಟು ನೋಡುತ್ತಾರೆ. ಉಳಿದ ಬೆರಳ ಗುರುತು ಎದ್ದು ಕಾಣುತ್ತದೆ.

“ಕೆಳಗಡೆ ಇರೋದೆಲ್ಲ ಮಕ್ಕಳ ಕೈ ಸಾರ್. ಮೂಗೂ ಒತ್ತಿರ್ತವೆ. ಬೈಯೋಕೆ ಮನಸ್ಸು ಬರಲ್ಲ. ಇಷ್ಟ ಆಗಿದ್ದಕ್ಕೆ ತಾನೇ ಮುಟ್ಟಿರೋದು?”

ಗಂಡ ತೀರಿಕೊಂಡ ಮೇಲೆ ಕುಲ್ಸುಂ ರಸೆಲ್ ಮಾರುಕಟ್ಟೆಯಲ್ಲಿ ಹೂ ಕಟ್ಟಿದರು, ಮದುವೆ ಮನೆಗಳಲ್ಲಿ ಈರುಳ್ಳಿ ಹೆಚ್ಚಿದರು, ಕೊನೆಗೆ ಇಲ್ಲಿಗೆ ಬಂದರು. ಶಿವಾಜಿನಗರದ ಒಂದೇ ಕೋಣೆಯ ಮನೆಯಲ್ಲಿ ಜೊತೆಗಿರುವುದು ಅತ್ತೆ ಇಮಾಮ್ ಬೀ. ಅತ್ತೆಯ ಗಂಡ ಕಂಟೋನ್ಮೆಂಟ್ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದವರು. ಮ್ಯೂಸಿಯಂನಲ್ಲೂ ಗಾಜಿನ ಗೋಡೆಯ ಹಿಂದೆ ಒಂದು ಜಟಕಾ ಇದೆ. ಅದನ್ನು ಅತ್ತೆಗೆ ತೋರಿಸಬೇಕೆಂಬುದು ಸೊಸೆಯ ಬಹುದಿನದ ಆಸೆ. ಆದರೆ ದೀಪದ ಬುಡದಲ್ಲೇ ಕತ್ತಲು. ಕುಲ್ಸುಂಗೆ ರಜೆ ಸೋಮವಾರ, ಮ್ಯೂಸಿಯಂ ಮುಚ್ಚುವುದೂ ಸೋಮವಾರವೇ. ಅತ್ತ ಅತ್ತೆಯ ಕಣ್ಣು ಮಂಜಾಗುತ್ತಲೇ ಇದೆ, ಆಪರೇಷನ್ನಿನಿಂದಲೂ ಸರಿಹೋಗುವುದಿಲ್ಲ ಎಂದಿದ್ದಾರೆ ಡಾಕ್ಟರು.

ದಸರಾ ರಜೆಯ ಜನಜಂಗುಳಿಯಲ್ಲಿ ಒಂದು ದಿನ ಬಿಡುವು ಕೇಳಿದರೆ ಯಾರು ಕೊಡುತ್ತಾರೆ? ಮೇಲ್ವಿಚಾರಕ ಕೆಂಪರಾಜ್ ಗೊಣಗುತ್ತಲೇ ಕೊಟ್ಟರು. ನಿನ್ನೆ ಅತ್ತೆ ಸೊಸೆ ಇಬ್ಬರೂ ಈದ್‌ಗೆ ಹೊಲಿಸಿದ ಬಟ್ಟೆ ತೊಟ್ಟು, ಟಿಕೆಟ್ ಕೊಂಡು, ಮುಂಬಾಗಿಲಿನಿಂದಲೇ ಬಂದರು. ಕುಲ್ಸುಂ ಬಗ್ಗೆ ಬರೆಯಲು ಬಂದಿದ್ದ ನಾನೂ ಜೊತೆಗಿದ್ದೆ.

ಜಟಕಾದ ಮುಂದೆ ಇಮಾಮ್ ಬೀ ಗಾಜಿಗೆ ಮೂಗು ತಾಗಿಸಿ, ಎರಡೂ ಅಂಗೈ ಊರಿ ನಿಂತುಬಿಟ್ಟರು. ಕಾವಲುಗಾರ ಮುನಿಆಂಜನಪ್ಪ ದಿನವಿಡೀ “ಮುಟ್ಬೇಡಿ” ಎನ್ನುವ ಮನುಷ್ಯ. ಬಾಯಿ ತೆರೆದವರು ಸೊಸೆಯ ಮುಖ ನೋಡಿ ಬೇರೆ ಕಡೆ ತಿರುಗಿ ನಿಂತರು.

“ನಮ್ದಲ್ಲ ಇದು. ನಮ್ದು ಹಸಿರು ಬಣ್ಣ,” ಎಂದರು ಇಮಾಮ್ ಬೀ. “ಆದ್ರೆ ಇಂಥದ್ದೇ. ಒಳಗೆ ಹುಲ್ಲು ಹಾಸಿರ್ತಿದ್ರು. ನಾನು ಮದುವೆ ಆಗಿ ಬಂದಿದ್ದೇ ಅದ್ರಲ್ಲಿ.”

ಮಧ್ಯಾಹ್ನದ ಊಟ ಅಂಗಳದ ಮರದ ಕೆಳಗೆ, ಕ್ಯಾಂಟೀನಿನ ಮೇಜಿನಲ್ಲಿ. ಸಿಬ್ಬಂದಿ ಉಣ್ಣುವುದು ಹಿಂದಿನ ಪಂಪ್ ಶೆಡ್ ಪಕ್ಕ. ಈ ಮೇಜಿನ ಮುಂದೆ ಕುಲ್ಸುಂ ಕೂತದ್ದು ಇದೇ ಮೊದಲು. ತರಕಾರಿ ಪಲಾವ್, ಮೊಸರುಬಜ್ಜಿ, ಜೊತೆಗೆ ಅತ್ತೆಯ ಡಬ್ಬಿಯ ನಿಂಬೆಕಾಯಿ ಉಪ್ಪಿನಕಾಯಿ. ಊಟ ಮುಗಿದದ್ದೇ ತಡ, ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಕುಲ್ಸುಂ ಎಲ್ಲರ ತಟ್ಟೆ ಎತ್ತಿಟ್ಟು ದುಪಟ್ಟಾದ ತುದಿಯಲ್ಲೇ ಮೇಜು ಒರೆಸತೊಡಗಿದರು. ಬಡಿಸುವವರು ಓಡಿಬಂದರು: “ಆಪಾ, ಇವತ್ತು ನೀವು ಕಸ್ಟಮರ್ರು. ಕೂತ್ಕೊಳ್ರೀ!” ಅತ್ತೆ ಬಿದ್ದು ಬಿದ್ದು ನಕ್ಕರು.

ಈಗ ಒರೆಸಲು ಉಳಿದಿರುವುದು ಜಟಕಾದ ಗಾಜೊಂದೇ. ಎರಡು ಅಂಗೈ, ನಡುವೆ ಮೂಗಿನ ಗುರುತು. ಇದೊಂದು ಇರಲಿ ಬಿಡಿ ಎನ್ನುತ್ತೇನೆ. ಕುಲ್ಸುಂ ಹಾ ಎಂದು ಉಸಿರು ಬಿಡುತ್ತಾರೆ. ಅಂಗೈಯ ಗೆರೆಗಳೆಲ್ಲ ಒಮ್ಮೆ ಎದ್ದು ಕಾಣುತ್ತವೆ. ಸ್ವಲ್ಪ ಹೊತ್ತು ನೋಡಿ, ಒರೆಸಿಬಿಡುತ್ತಾರೆ.

“ಕಣ್ಣು ಪೂರ್ತಿ ಹೋದ್ರೂ ಇನ್ನೊಂದ್ಸಲ ಬರ್ತೀನಿ, ಇಲ್ಲೇ ಕೈಯಿಟ್ಟು ನಿಂತ್ಕೊಳ್ತೀನಿ ಅಂದಿದ್ದಾರೆ ಸಾರ್ ನಮ್ಮತ್ತೆ. ಅವ್ರು ಕೈ ಇಡೋ ಗಾಜು ಕ್ಲೀನಾಗಿರಬೇಡ್ವಾ?”