ಕೈಗವಸಿನ ಮೇಷ್ಟ್ರು

ರಸಾಯನಶಾಸ್ತ್ರದ ಮೇಷ್ಟ್ರಿಗೆ ಎದೆ ಡವಡವ ಎನ್ನದ ದಿನವಿಲ್ಲ. ಬೆಳ್ಳಿಯ ದ್ರಾವಣಕ್ಕೆ ಆಲ್ಡಿಹೈಡ್ ಎಂಬ ರಾಸಾಯನಿಕ ಬೆರೆಸಿ ಬಿಸಿ ಮಾಡಿದರೆ ಗಾಜಿನ ಕೊಳವೆಯೊಳಗೆ ಕನ್ನಡಿ ಮೂಡುತ್ತದೆ, ಅದರದೇ ಬಳಗದ ಕೀಟೋನಾದರೆ ಮೂಡುವುದಿಲ್ಲ. ಅದನ್ನು ಕಂಡು ಮಕ್ಕಳು ಹೋ ಎಂದರೆ, ಇವರ ಕಣ್ಣೆಲ್ಲ ಮಿಕ್ಕ ದ್ರಾವಣದ ಮೇಲೆ. "ತೊಳೆದ್ರಾ? ನಾಳೆಗಿರ್ಲಿ ಅಂತ ಇಟ್ರೆ ಸಿಡಿಯುತ್ತೆ ಕಣ್ರಪ್ಪಾ!" ಎಂದು ಬೆನ್ನು ಬೀಳುತ್ತಾರೆ, ತಾವೇ ಮತ್ತೆ ತೊಳೆಯುತ್ತಾರೆ, ಬೀಗ ಹಾಕಿ ಗೇಟಿನತನಕ ಹೋದವರು ತಿರುಗಿ ಬಂದು ನೋಡುತ್ತಾರೆ, ಊಟದ ನಡುವೆ ಎದ್ದು ನಿಂತು, "ತೊಳ್ದಿರ್ತೀರಿ, ಕೂತ್ಕೊಳ್ಳಿ" ಎಂದು ಹೆಂಡತಿಯಿಂದ ಬೈಸಿಕೊಳ್ಳುತ್ತಾರೆ. ಸೀಮೆಸುಣ್ಣ ಹಿಡಿದಾಗಲೂ ಕಳಚದ ಅವರ ಕೈಗವಸಂತೂ ಕಾಲೇಜಿಗೇ ನಗೆಪಾಟಲು. ಎಡಗೈ ಬಲಗೈಗಳ ಹಾಗೆ ಒಂದಕ್ಕೊಂದು ಪ್ರತಿಬಿಂಬವಾಗಿದ್ದೂ ಒಂದರ ಮೇಲೊಂದು ಹೊಂದಿ ಕೂರದ ಅಣುಗಳ ಪಾಠ ಬಂದರೆ, "ನಿಮ್ಮ ಕೈ ಎತ್ತಿ ನೋಡ್ಕೊಳ್ಳಿ" ಎನ್ನುತ್ತಾರೆಯೇ ಹೊರತು ತಮ್ಮದನ್ನು ಎತ್ತಿದವರಲ್ಲ. ಮೊನ್ನೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ನಿಮ್ಮದೂ ತೋರ್ಸಿ ಸರ್" ಎಂದಳು. ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಗವಸು ಕಳಚಿದರು. ಬಲಗೈಯ ಕೊನೆಯ ಎರಡು ಬೆರಳುಗಳಿರಲಿಲ್ಲ. ಗವಸಿನಲ್ಲಿ ಅವುಗಳ ಜಾಗಕ್ಕೆ ಹತ್ತಿ ತುರುಕಿದ್ದರು. "ನನ್ನ ಕೈಗಳು ಒಂದಕ್ಕೊಂದು ಕನ್ನಡಿಯಾಗಲ್ಲ ಕಣಮ್ಮಾ. ಯಾರೋ ನಾಳೆಗಿರ್ಲಿ ಅಂತ ಇಟ್ಟಿದ್ರು, ನಾನು ಎತ್ಕೊಂಡೆ," ಎಂದರು. ಆಮೇಲೆ ಎಂದಿನ ಗಾಬರಿಯಲ್ಲೇ, "ಬೆಳಿಗ್ಗೆ ಎಲ್ರೂ ತೊಳೆದ್ರಾ?" ಎಂದು ಕೇಳಿದರು. ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ಮೆಲ್ಲಗೆ ಎದ್ದು ಪ್ರಯೋಗಾಲಯದ ಬೀಗದ ಕೈ ಕೇಳಿದ.